ಐಸ್ ನೀರಿನಲ್ಲಿ ಐದು ಡಿಗ್ರಿ

ಥರ್ಮಾಮೀಟರಿನ ಕಡ್ಡಿಯ ತುದಿ ಲೋಟದ ತಳಕ್ಕೆ ತಾಗಿರಬೇಕು, ಅದಕ್ಕೇ ಹೀಗೆ. ಇಲ್ಲವೇ ಐಸು ಸಾಲದೆ ನೀರೇ ಹೆಚ್ಚಾಗಿರಬೇಕು. ಅದೂ ಅಲ್ಲದಿದ್ದರೆ ತಾನು ಇನ್ನೊಂದು ನಿಮಿಷ ಕಾಯಬೇಕಿತ್ತು. ಎರಡನೆಯ ಸಲವೂ ಅವನು ಲೋಟವನ್ನು ಸಿಂಕಿಗೆ ಬಗ್ಗಿಸಿದ. ಐಸಿನ ತುಂಡುಗಳನ್ನು ಬಟ್ಟೆಯಲ್ಲಿ ಸುತ್ತಿ, ಕಟ್ಟೆಯ ಅಂಚಿಗೆ ಬಡಿದು ಪುಡಿ ಮಾಡಿ, ಲೋಟದ ಕಂಠದವರೆಗೆ ತುಂಬಿ, ಸಂದುಗಳು ಮುಚ್ಚುವಷ್ಟು ಮಾತ್ರ ನೀರು ಹೊಯ್ದು, ಕಡ್ಡಿಯನ್ನು ನಡುಮಧ್ಯದಲ್ಲಿ ಎಲ್ಲಿಯೂ ತಾಗದ ಹಾಗೆ ಎರಡು ಬೆರಳಲ್ಲಿ ಹಿಡಿದು ನಿಂತ. ಮೊಬೈಲಿನಲ್ಲಿ ಅಂಕಿ ಇಳಿಯತೊಡಗಿತು. ಹದಿನೇಳು, ಹನ್ನೊಂದು, ಎಂಟು, ಆರು. ಇಳಿ, ಇನ್ನೂ ಇಳಿ ಎಂದು ಅವನು ಬಾಯಿಬಿಟ್ಟೇ ಅಂದ. ಐದಕ್ಕೆ ಬಂದು ನಿಂತಿತು. ಬೆರಳು ಮರಗಟ್ಟುವವರೆಗೆ ಹಿಡಿದುಕೊಂಡಿದ್ದ, ಐದು ಅಲುಗಲಿಲ್ಲ. ಕರಗುತ್ತಿರುವ ಐಸು ಯಾವ ಊರಿನಲ್ಲಾದರೂ ಸೊನ್ನೆಯೇ, ಅದರ ಜೊತೆ ವಾದ ಮಾಡಲು ಬರುವುದಿಲ್ಲ. ಸೊನ್ನೆಯನ್ನು ಐದು ಅನ್ನುವ ಕಡ್ಡಿ, ಕೋಳಿಯೊಳಗಿನ ಅರವತ್ತೊಂಬತ್ತನ್ನು ಬೆಂದಾಗಿನ ಎಪ್ಪತ್ತನಾಲ್ಕು ಅಂದಿರಲೇಬೇಕು. ಹಾಗಾದರೆ ಅತ್ತೆ ‘ಬೆಂದಿಲ್ಲ’ ಎಂದಾಗಲೆಲ್ಲ ನಿಜವಾಗಿ ಬೆಂದಿರಲಿಲ್ಲ. ಗೋಡೆಯ ಗಡಿಯಾರದಲ್ಲಿ ಒಂಬತ್ತೂ ಹತ್ತು. ಹನ್ನೊಂದಕ್ಕೆ ಅವಳನ್ನು ನರದ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಾರೆ.

ಇನ್ನೂ ಹೊತ್ತಿದೆ ಎಂದುಕೊಂಡ. ಹೊತ್ತಿದೆ ಎಂದುಕೊಂಡ ಕೂಡಲೇ ಅವನು ಮಾಡಿದ ಮೊದಲ ಕೆಲಸವೆಂದರೆ ಲೋಟದ ಐಸನ್ನು ಯಾರೂ ನೋಡದ ಹಾಗೆ ಸಿಂಕಿಗೆ ಸುರಿದು ಅದರ ಮೇಲೆ ಬಿಸಿನೀರಿನ ನಲ್ಲಿ ಬಿಟ್ಟದ್ದು. ಆಮೇಲೆ ಕಡ್ಡಿಯನ್ನು ಒರೆಸತೊಡಗಿದ. ದಿನವೂ ಒರೆಸುವ ಹಾಗೆಯೇ, ಮೊದಲು ಉಗುರುಬೆಚ್ಚಗಿನ ನೀರಲ್ಲಿ ಅದ್ದಿದ ಮೆತ್ತನೆ ಬಟ್ಟೆಯಿಂದ ಉಕ್ಕಿನ ಭಾಗ, ಆಮೇಲೆ ಹತ್ತಿಗೆ ಒಂದೆರಡು ಹನಿ ಸ್ಪಿರಿಟ್ ಹಾಕಿ ಪಿಂಗಾಣಿಯ ಹಿಡಿ, ಕೊನೆಗೆ ಅದನ್ನು ಮಲಗಿಸಿ ಚಾರ್ಜ್ ಮಾಡುವ ಪುಟ್ಟ ಪೆಟ್ಟಿಗೆಯೊಳಗೆ ಕಡಲೆಕಾಳಿಗಿಂತ ಚಿಕ್ಕದಾದ ಎರಡು ಹಿತ್ತಾಳೆ ಬಣ್ಣದ ಚುಕ್ಕೆಗಳು. ಆ ಚುಕ್ಕೆಗಳ ಮೇಲೆ ಕೋಳಿಯ ಜಿಡ್ಡು ಕೂತರೆ ಚಾರ್ಜ್ ಹತ್ತುವುದಿಲ್ಲ. ಇದು ಈ ಅಡುಗೆಮನೆಯಲ್ಲಿ ಅವನೊಬ್ಬನಿಗೆ ಗೊತ್ತಿದ್ದ ವಿಷಯ. ನಲವತ್ತು ಐವತ್ತು ಜನಕ್ಕೆ ಮಾಂಸ ಸುಟ್ಟು ಆಫೀಸುಗಳಿಗೆ, ಸಭೆಗಳಿಗೆ ಕಳಿಸುವ ಈ ಜಾಗದಲ್ಲಿ ಕತ್ತಿ ಹಿಡಿಯಲು ಬಾರದ, ಮಸಾಲೆಯ ಅಳತೆ ತಿಳಿಯದ, ಎರಡು ವರ್ಷ ಮನೆಯಲ್ಲಿ ಸುಮ್ಮನೆ ಕೂತು ಆಮೇಲೆ ಹೆಂಡತಿಯ ಅಣ್ಣನ ಮಾತಿಗೆ ಬಂದು ಸೇರಿಕೊಂಡ ಅವನು ತಂದ ಒಂದೇ ಒಂದು ವಸ್ತು ಈ ತಂತಿಯಿಲ್ಲದ ಥರ್ಮಾಮೀಟರ್. ಮಾಂಸದೊಳಗೆ ಗುರುತಿನವರೆಗೆ ಚುಚ್ಚಿ ಓವನ್ನಿನ ಬಾಗಿಲು ಹಾಕಿದರೆ ಒಳಗಿನ ಬಿಸಿ ಹೊರಗೆ ಮೊಬೈಲಿನಲ್ಲಿ ಕಾಣುತ್ತದೆ. ಬಾಗಿಲು ತೆರೆಯಬೇಕಾಗಿಲ್ಲ, ಒತ್ತಿ ನೋಡಬೇಕಾಗಿಲ್ಲ, ಯಾರನ್ನೂ ಕೇಳಬೇಕಾಗಿಲ್ಲ. ಬೆಳಿಗ್ಗೆಯ ಆ ಇಪ್ಪತ್ತು ನಿಮಿಷ ಕಡ್ಡಿ ಒರೆಸುತ್ತ ಕೂತಾಗ ಯಾರೂ ಅವನನ್ನು ಪಕ್ಕಕ್ಕೆ ಸರಿಯಿರಿ ಎನ್ನುತ್ತಿರಲಿಲ್ಲ, ಯಾರ ದಾರಿಗೂ ಅವನು ಅಡ್ಡವಾಗಿರುತ್ತಿರಲಿಲ್ಲ.

ಹಿಡಿಯ ಬುಡದಲ್ಲಿ, ಉಕ್ಕು ಮತ್ತು ಪಿಂಗಾಣಿ ಸೇರುವ ಕಡೆ, ಕೂದಲೆಳೆಯಷ್ಟು ಕಪ್ಪು ಗೆರೆ. ಅವನು ಅದನ್ನು ಮೂರು ವಾರದಿಂದ ನೋಡುತ್ತಿದ್ದ. ಜಿಡ್ಡು ಎಂದುಕೊಂಡು ಒರೆಸುತ್ತಿದ್ದ. ಒರೆಸಿದರೆ ಹೋಗದಿದ್ದುದನ್ನೂ ನೋಡಿದ್ದ. ಪ್ರತಿ ಸೋಮವಾರ ಐಸ್ ನೀರಿನಲ್ಲಿ ಇಟ್ಟು ನೋಡಬೇಕೆಂದು ನಿಯಮ ಮಾಡಿದವನೂ ಅವನೇ, ಮೂರು ಸೋಮವಾರ ಫ್ರೀಜರಿನ ಬಾಗಿಲವರೆಗೆ ಹೋಗಿ ಬೇರೇನೋ ಕೆಲಸ ನೆನಪಾದವನಂತೆ ವಾಪಸು ಬಂದವನೂ ಅವನೇ. ಗೊತ್ತಿರಲಿಲ್ಲ ಎಂದು ಯಾರ ಮುಂದಾದರೂ ಆಣೆ ಮಾಡಬಹುದಿತ್ತು. ಗೊತ್ತಾಗದ ಹಾಗೆ ನೋಡಿಕೊಂಡಿದ್ದ ಅಷ್ಟೆ.

“ಇವತ್ತು ತಣ್ಣೀರಾ ಡಾಕ್ಟ್ರೇ?” ಬೆನ್ನ ಹಿಂದೆ ದನಿ ಕೇಳಿ ಅವನ ಕೈಯಿಂದ ಹತ್ತಿ ಜಾರಿತು. ಪಾತ್ರೆ ತೊಳೆಯುವ ಹೆಂಗಸು, ಸೊಂಟಕ್ಕೆ ಒದ್ದೆ ಗೋಣಿಬಟ್ಟೆ ಕಟ್ಟಿಕೊಂಡು, ಸಿಂಕಿನಲ್ಲಿ ಇನ್ನೂ ಕರಗದೆ ಉಳಿದ ಐಸಿನ ಚೂರುಗಳನ್ನು ನೋಡುತ್ತಿದ್ದಳು. “ಅವತ್ತು ಸೋಡಾ ಹಾಕಿದ ಬಿಸಿನೀರಲ್ಲಿ ಮುಳುಗಿಸಿ ಎಣ್ಣೆಸ್ನಾನ ಮಾಡಿಸಿದ್ರಿ, ಇವತ್ತು ಐಸು. ಶೀತ ಆದೀತು ಪಾಪ ಅದಕ್ಕೆ.”

“ಯಾವತ್ತು ಬಿಸಿನೀರು?” ಎಂದ ಭಾವ. ಅವನು ಅಲ್ಲೇ ಇದ್ದ. ಫ್ರಿಜ್ಜಿನ ಬಾಗಿಲ ಹಿಂದೆ ಬಗ್ಗಿ ಕೋಳಿಗಳನ್ನು ಎಣಿಸುತ್ತಿದ್ದವನು ತಲೆ ಮಾತ್ರ ಹೊರಗೆ ಹಾಕಿದ.

“ಏನಿಲ್ಲ ಭಾವ. ತೊಳೆದಿದ್ದೆ.”

“ಒಂದು ಗಂಟೆ ತೊಳೆದ್ರು,” ಎಂದು ಅವಳು ನಕ್ಕಳು. “ಸೌಟಿನ ಜೊತೆ ಹಂಡೆ ತಳದಲ್ಲಿ ಬಿದ್ದಿತ್ತು. ನಾನು ಎತ್ತಿ ಕೊಡದೆ ಇದ್ದಿದ್ರೆ ಬೆಂದೇ ಹೋಗ್ತಿತ್ತು.”

ಭಾವ ಅವನ ಮುಖ ನೋಡಿದ. ಆ ಎರಡು ಕ್ಷಣದಲ್ಲಿ ಅವನಿಗೆ ತನ್ನ ಮುಖದ ಒಂದೊಂದು ಸ್ನಾಯುವೂ ಬೇರೆಬೇರೆಯಾಗಿ ಗೊತ್ತಾಗುತ್ತಿತ್ತು. ಯಾವುದನ್ನು ಎಷ್ಟು ಎತ್ತಬೇಕು, ಯಾವುದನ್ನು ಇಳಿಸಬೇಕು ತಿಳಿಯದೆ ನಕ್ಕ. ಕೇಳಲಿ, ಇನ್ನೊಂದು ಪ್ರಶ್ನೆ ಕೇಳಲಿ, ಒಂದೇ ಒಂದು ಕೇಳಿದರೆ ಹೇಳಿಬಿಡುತ್ತೇನೆ ಎಂದುಕೊಂಡ. ಭಾವನ ಮೊಬೈಲು ಬಡಿದುಕೊಂಡಿತು. “ಹೇಳಿ ಸಾರ್, ಆಯ್ತು ಸಾರ್, ಒಂದೂವರೆಗೆ ನಿಮ್ಮ ಬಾಗಿಲಲ್ಲಿ ಇರುತ್ತೆ ಸಾರ್,” ಎನ್ನುತ್ತ ಭಾವ ಹೊರಗೆ ಹೋದ. ಹೆಂಗಸು ಹಂಡೆಯ ಕಡೆ ಹೊರಟಳು. ಕೇಳಲಿಲ್ಲವಲ್ಲ ಎಂದು ಅವನಿಗೆ ಭಾವನ ಮೇಲೆ ಸಿಟ್ಟು ಬಂತು.

ಅವತ್ತೂ ಸಿಟ್ಟೇ. ಅವತ್ತು ಊಟದ ಆರ್ಡರ್ ಕೊಡಲು ಬಂದ ಯಾವುದೋ ಆಫೀಸಿನ ಮೂವರು ಅಡುಗೆಮನೆ ನೋಡಬೇಕೆಂದು ಒಳಗೆ ಬಂದಿದ್ದರು. ಅವನು ಕಡ್ಡಿ ಹಿಡಿದು ಓವನ್ನಿನ ಮುಂದೆ ನಿಂತಿದ್ದ. ಅವರಲ್ಲೊಬ್ಬ, ಕನ್ನಡಕದವನು, ಇವರು ಯಾರು ಎಂದು ಕೇಳಿದ. ನಮ್ಮ ತಂಗಿಯ ಗಂಡ ಎಂದಿದ್ದರೆ ಮುಗಿದುಹೋಗುತ್ತಿತ್ತು. “ಇವರಾ? ನಮ್ಮ ಡಾಕ್ಟ್ರು,” ಎಂದ ಭಾವ. “ಕೋಳಿಗೆ ಜ್ವರ ನೋಡ್ತಾರೆ.” ಮೂವರೂ ನಕ್ಕರು, ಮಾಂಸ ಕತ್ತರಿಸುವವನು ಕತ್ತಿ ಇಟ್ಟು ನಕ್ಕ, ಪಾತ್ರೆಯವಳು ನಕ್ಕಳು. ಅವನೂ ನಕ್ಕ. ಎಲ್ಲರಿಗಿಂತ ಒಂದು ಕ್ಷಣ ಹೆಚ್ಚಾಗಿಯೇ ನಕ್ಕ. ನಗು ನಿಂತ ಮೇಲೂ ತನ್ನೊಬ್ಬನ ನಗು ಅಡುಗೆಮನೆಯಲ್ಲಿ ಉಳಿದದ್ದು ಕಿವಿಗೆ ಬಿದ್ದು, ಅವರು ಹೋದ ಮೇಲೆ, ಸೋಡಾ ಹಾಕಿದ ಕುದಿನೀರಿನ ಹಂಡೆಗೆ ಕೈಯಲ್ಲಿದ್ದ ಕಡ್ಡಿಯನ್ನು ಎಸೆದಿದ್ದ. ನೀರು ಹಾರಿ ಮೊಣಕೈಗೆ ಬಿತ್ತು. ಆ ಉರಿ ಹಿತವೆನಿಸಿತು. ಹಿಡಿಯವರೆಗೆ ಮುಳುಗಿಸಬಾರದು ಎಂದು ಅದರ ಪುಸ್ತಕದಲ್ಲಿ ಎರಡು ಕಡೆ ಬರೆದಿತ್ತು, ಅದನ್ನು ಎಲ್ಲರಿಗೂ ಓದಿ ಹೇಳಿದವನು ಅವನೇ. ಹೆಂಗಸು ಅದನ್ನು ಎತ್ತಿ ತಂದುಕೊಟ್ಟಾಗ ಒರೆಸಿ ಪೆಟ್ಟಿಗೆಯಲ್ಲಿಟ್ಟ. ಹಸಿರು ದೀಪ ಹತ್ತಿತು. ಹತ್ತಿತಲ್ಲ ಎಂದು ನಿಟ್ಟುಸಿರು ಬಿಟ್ಟ.

ಅದಾದ ಎರಡನೆಯ ದಿನವೋ ಮೂರನೆಯ ದಿನವೋ ಅತ್ತೆ ಮೊದಲ ಸಲ ಬೆಂದಿಲ್ಲ ಎಂದಳು. ಅವಳ ರೀತಿ ಬೇರೆ. ಓವನ್ನಿನ ಬಾಗಿಲು ಅರ್ಧ ತೆಗೆದು, ಎಡಗೈಯ ಹೆಬ್ಬೆರಳ ಬುಡದ ಉಬ್ಬನ್ನು ಬಲಗೈಯ ನಡುಬೆರಳಿಂದ ಒಮ್ಮೆ ಒತ್ತಿ, ಅದೇ ಬೆರಳಿಂದ ಕೋಳಿಯ ತೊಡೆಯನ್ನು ಮುಟ್ಟಿ ತೆಗೆಯುತ್ತಿದ್ದಳು. ರೆಪ್ಪೆ ಬಡಿಯುವಷ್ಟು ಹೊತ್ತು. ಅಲ್ಲಿ ಎಷ್ಟು ಬಿಗಿಯೋ ಇಲ್ಲಿ ಅಷ್ಟು ಬಿಗಿಯಾದರೆ ಆಯ್ತು. ಗಂಡ ತೀರಿಕೊಂಡ ಮೇಲೆ ಒಂದು ಓವನ್ನು, ಒಂದು ಮೇಜು ಇಟ್ಟುಕೊಂಡು ಆ ಒಂದು ಬೆರಳಿಂದಲೇ ಈ ಕೆಲಸ ಶುರು ಮಾಡಿದವಳು. ಅವನು ಕಡ್ಡಿ ತಂದಾಗಲೂ ಬೇಡ ಅನ್ನಲಿಲ್ಲ. “ತನ್ನಿ ಅಳಿಯಂದ್ರೇ, ನನ್ನ ಬೆರಳಿಗೊಂದು ಜೊತೆ ಆಯ್ತು,” ಎಂದು ನಕ್ಕಿದ್ದಳು. ಮೊದಲ ತಿಂಗಳೆಲ್ಲ ಬೆರಳೂ ಕಡ್ಡಿಯೂ ಒಂದೇ ಮಾತು ಹೇಳುತ್ತಿದ್ದವು, ಅವಳು ಮುಟ್ಟಿ ‘ಹೂಂ’ ಎನ್ನುವುದಕ್ಕೂ ಮೊಬೈಲು ಕೂಗುವುದಕ್ಕೂ ಸರಿಹೋಗುತ್ತಿತ್ತು, ಅವಳು ಅವನ ಕಡೆ ನೋಡಿ ಕಣ್ಣು ಮಿಟುಕಿಸುತ್ತಿದ್ದಳು. ಆ ದಿನ ಮೊಬೈಲು ಕೂಗಿತು, ಅವಳು ಮುಟ್ಟಿ, “ಇಲ್ಲ, ಇನ್ನೂ ಹತ್ತು ನಿಮಿಷ,” ಎಂದಳು.

“ಎಪ್ಪತ್ನಾಲ್ಕು ತೋರಿಸ್ತಿದೆ ಅಮ್ಮ,” ಎಂದ ಭಾವ.

“ತೋರಿಸ್ಲಿ. ಮೂಳೆ ಹತ್ರ ಇನ್ನೂ ಹಸಿ.”

“ಡಾಕ್ಟ್ರೇ, ನೀವು ಹೇಳಿ. ಯಾರ ಮಾತು ಕೇಳ್ಬೇಕು?”

ಎಲ್ಲರೂ ಅವನ ಕಡೆ ತಿರುಗಿದ್ದರು. ಅವನನ್ನು ಯಾರಾದರೂ ಏನಾದರೂ ನಿಜವಾಗಿ ಕೇಳಿ ಎಷ್ಟು ಕಾಲವಾಗಿತ್ತೋ. “ಯಂತ್ರ ಸುಳ್ಳು ಹೇಳಲ್ಲ,” ಎಂದುಬಿಟ್ಟ. ಅತ್ತೆ ಬೆರಳನ್ನು ಬಟ್ಟೆಗೆ ಒರೆಸಿಕೊಂಡಳು. ಕೋಳಿ ಹೋಯಿತು, ಯಾರೂ ದೂರು ಹೇಳಲಿಲ್ಲ, ಸಾರು ಮೇಲೆ ಸುರಿದುಕೊಂಡು ತಿಂದರೇನೋ, ಹಸಿವಿಗೆ ಗೊತ್ತಾಗಲಿಲ್ಲವೇನೋ. ಯಾರದಾದರೂ ಹೊಟ್ಟೆ ಕೆಟ್ಟಿತೇ ಎಂದು ಈಗ ಯೋಚಿಸುವ ಧೈರ್ಯ ಅವನಿಗಿರಲಿಲ್ಲ. ಇನ್ನೊಂದು ದಿನ ಅವಳು ಯಾರಿಗೂ ಹೇಳದೆ ಹತ್ತು ನಿಮಿಷ ಹೆಚ್ಚು ಬಿಟ್ಟಳು. ಭಾವ ಬಂದು ಮೊಬೈಲು ನೋಡಿ, “ಎಂಬತ್ತು! ಒಣಗಿಸಿ ಕಟ್ಟಿಗೆ ಮಾಡಿದ್ದೀಯ ಅಮ್ಮ,” ಎಂದು ಕೂಗಾಡಿದ. ಕೋಳಿಯನ್ನು ಅವನಿನ್ನೂ ಮುಟ್ಟಿಯೂ ಇರಲಿಲ್ಲ. ಕೂಗಾಡಿ ಮುಗಿಸಿ ಒಂದು ಎಳೆ ಬಾಯಿಗೆ ಹಾಕಿಕೊಂಡು, “ನೋಡು, ಬರೀ ನಾರು,” ಎಂದ. ಅತ್ತೆಯೂ ಒಂದು ಎಳೆ ತಿಂದಳು. ತುಂಬಾ ಹೊತ್ತು ಅಗಿದಳು. “ಹೌದೇನೋ,” ಎಂದಳು. ಅವನೂ ತಿಂದಿದ್ದ. ಹದವಾಗಿತ್ತು. ಹದವಾಗಿದೆ ಎಂದು ನಾಲಿಗೆ ಹೇಳಿದ್ದನ್ನು ಕೇಳಿಸಿಕೊಂಡೂ ತಟ್ಟೆ ಒರೆಸುತ್ತ ನಿಂತಿದ್ದ.

ಆಮೇಲೆ ಅವಳ ಬೆರಳು ನಿಧಾನವಾಯಿತು. ಮುಟ್ಟಿ ತೆಗೆಯುತ್ತಿದ್ದವಳು ಎರಡು ಸಲ ಮುಟ್ಟತೊಡಗಿದಳು, ಮೂರು ಸಲ, ಕೈಯ ಉಬ್ಬನ್ನು ಒತ್ತಿ ಮತ್ತೆ ಕೋಳಿ, ಮತ್ತೆ ಉಬ್ಬು. ಮುಟ್ಟುವ ಮೊದಲು ಓರೆಗಣ್ಣಿಂದ ಮೊಬೈಲು ನೋಡುತ್ತಿದ್ದಳು. ಕಳೆದ ಶುಕ್ರವಾರ ಬೆರಳು ಒತ್ತಿ ಹಿಡಿದವಳು ತೆಗೆಯಲೇ ಇಲ್ಲ. ಚರ್ಮ ಚುರ್ರೆಂದ ಸದ್ದು ಅವನಿಗೆ ಕೇಳಿಸಿತು. ಬೊಬ್ಬೆ ಎದ್ದಿತು. ಭಾವನ ಮುಖ ಬಿಳಚಿಕೊಂಡಿತು, ಅವನು ಅವಳ ಕೈಯನ್ನು ನೀರಿಗೆ ಹಿಡಿದು, “ಬಿಸೀನೂ ಗೊತ್ತಾಗಲ್ವೇನಮ್ಮ ನಿಂಗೆ? ಬೆಂದಿದ್ದು ಗೊತ್ತಾಗಲ್ಲ, ಬಿಸಿ ಗೊತ್ತಾಗಲ್ಲ, ನರ ಸತ್ತುಹೋಗಿದೆ ಬೆರಳಲ್ಲಿ,” ಎಂದ. ಪ್ರೀತಿಯಿಂದಲೇ ಅಂದದ್ದು. ಅವತ್ತೇ ಡಾಕ್ಟರ ಸಮಯ ಕೇಳಿದ, ಅವತ್ತೇ ಬೇರೆ ಅಡುಗೆಯವನನ್ನು ಹುಡುಕಲು ಇಬ್ಬರಿಗೆ ಹೇಳಿದ.

ಮುಂದಿನ ಕೋಣೆಯಲ್ಲಿ ಹೆಂಡತಿ ಫೋನಿನಲ್ಲಿ ಆರ್ಡರ್ ಬರೆದುಕೊಳ್ಳುತ್ತಿದ್ದಳು. ಅವನು ಬಾಗಿಲಿಗೆ ಒರಗಿ ನಿಂತ. ಅವಳು ಫೋನಿಟ್ಟು ತಲೆಯೆತ್ತಿ, “ಏನ್ರೀ, ಮುಖ ಯಾಕೆ ಹಾಗಿದೆ?” ಎಂದಳು.

“ಅತ್ತೇನ ಇವತ್ತೇ ಕರ್ಕೊಂಡು ಹೋಗ್ಬೇಕಾ?”

“ಮತ್ತೆ ಯಾವತ್ತು? ಇನ್ನೊಂದು ಬೆರಳು ಸುಟ್ಕೊಂಡ ಮೇಲಾ?”

“ಹಾಗಲ್ಲ. ಬೆರಳು ಸರಿಯಾಗೇ ಇದ್ರೆ?”

ಅವಳು ಪೆನ್ನಿನ ತುದಿಯನ್ನು ತುಟಿಗೆ ಒತ್ತಿಕೊಂಡು ಅವನನ್ನು ನೋಡಿದಳು. ಅವಳ ಕಣ್ಣಡಿಯೂ ಕಪ್ಪಾಗಿತ್ತು. “ನಂಗೂ ಹಾಗೇ ಇರ್ಲಿ ಅಂತ ಆಸೆ ಇಲ್ವಾ? ಅಮ್ಮ ಅತ್ತಿದ್ದು ನೀವು ನೋಡಿಲ್ಲ. ಆದ್ರೆ ಯಂತ್ರ ಸುಳ್ಳು ಹೇಳಲ್ಲ ಅಂತ ನೀವೇ ಅಂದ್ರಿ. ಮನೇಲಿ ಅಣ್ಣನ ಮುಂದೆ ಮೊದಲನೇ ಸಲ ನೀವು ಒಂದು ಮಾತು ಗಟ್ಟಿಯಾಗಿ ಆಡಿದ್ರಿ. ನಂಗೆ,” ಎಂದು ನಿಲ್ಲಿಸಿದಳು. ನಾಚಿಕೊಂಡವಳಂತೆ ಪುಸ್ತಕದ ಕಡೆ ನೋಡಿ, “ನಂಗೆ ಖುಷಿ ಆಗಿತ್ತು,” ಎಂದಳು. ಅವನು ಹೇಳಲು ಜೋಡಿಸಿಕೊಂಡು ಬಂದ ಮಾತುಗಳು ಒಂದರ ಮೇಲೊಂದು ಬಿದ್ದು ಹೋದವು. ಫೋನು ಮತ್ತೆ ಕೂಗಿತು. ಅವಳು ಎತ್ತಿಕೊಳ್ಳುತ್ತ, “ಅಮ್ಮನ ಬೆರಳಿಗೆ ಬಟ್ಟೆ ಬದಲಾಯಿಸಿ ಕಳಿಸ್ರೀ, ನಿಮ್ಮ ಹತ್ರ ಸ್ಪಿರಿಟ್ ಇದೆಯಲ್ಲ,” ಎಂದಳು.

ಅತ್ತೆ ಹಿಂಬಾಗಿಲ ಮೆಟ್ಟಿಲ ಮೇಲೆ ಹೊರಗೆ ಹೋಗುವ ಬಟ್ಟೆ ಉಟ್ಟು, ಕೂದಲು ನೀರು ಹಚ್ಚಿ ಬಾಚಿಕೊಂಡು, ಶಾಲೆಗೆ ಸೇರಿಸಲು ಕರೆದೊಯ್ಯುವ ಮಗುವಿನಂತೆ ಕೂತಿದ್ದಳು. ಕೈಚೀಲ ತೊಡೆಯ ಮೇಲಿತ್ತು. ಅವನು ಎದುರಿಗೆ ಕೆಳಗಿನ ಮೆಟ್ಟಿಲಲ್ಲಿ ಕೂತು ಹಳೆಯ ಬಟ್ಟೆಯನ್ನು ಬಿಚ್ಚಿದ. ಬೊಬ್ಬೆ ಒಡೆದು, ಸುತ್ತಲಿನ ಚರ್ಮ ಬೆಳ್ಳಗೆ ಸುಕ್ಕುಗಟ್ಟಿತ್ತು. ಉಗುರುಬೆಚ್ಚಗಿನ ನೀರಲ್ಲಿ ಅದ್ದಿದ ಬಟ್ಟೆಯಿಂದ ಮೊದಲು ಬೆರಳ ಬುಡ ಒರೆಸಿದ. ಗಾಯದ ಸುತ್ತ, ಗಾಯಕ್ಕೆ ತಾಗದ ಹಾಗೆ, ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ನೆನೆಸಿ ಹಿಂಡಿ ಸವರಿದ. ಇದೇ ಕೈ, ಇದೇ ಕ್ರಮ, ಅರ್ಧ ಗಂಟೆಯ ಹಿಂದೆ ಬೇರೊಂದಕ್ಕೆ. ಅವಳು ಉಸಿರು ಒಳಗೆಳೆದುಕೊಂಡಳು.

“ಉರೀತಾ ಅತ್ತೆ?”

“ಉರಿಯೋದು ಗೊತ್ತಾಗುತ್ತಲ್ಲ, ಅಷ್ಟು ಸಾಕು.” ನಗಲು ನೋಡಿದಳು. “ನಿಮ್ಮ ಕೈ ಹಗುರ. ಅವನಾಗಿದ್ರೆ ಬೆರಳೇ ಕಿತ್ಕೊಂಡು ಹೋಗ್ತಿದ್ದ.” ಒಳಗೆ ಯಾರಾದರೂ ಇದ್ದಾರೆಯೇ ಎಂದು ತಿರುಗಿ ನೋಡಿ, ದನಿ ತಗ್ಗಿಸಿದಳು. “ಒಂದು ಹೇಳ್ತೀನಿ, ಅವನಿಗೆ ಹೇಳ್ಬೇಡಿ. ಅವತ್ತು ಬಿಸಿ ಗೊತ್ತಾಗ್ತಿತ್ತು ಅಳಿಯಂದ್ರೇ. ಚೆನ್ನಾಗೇ ಗೊತ್ತಾಗ್ತಿತ್ತು. ಆದ್ರೂ ಕೈ ತೆಗೀಲಿಲ್ಲ.”

“ಯಾಕೆ?”

“ಬೆಂದಿಲ್ಲ ಅಂತಲೇ ಹೇಳ್ತಿತ್ತು ಬೆರಳು. ನಿಮ್ಮ ಮೊಬೈಲು ಬೆಂದಿದೆ ಅಂತಿತ್ತು. ಇನ್ನೂ ಸ್ವಲ್ಪ ಒತ್ತಿದ್ರೆ ನಂಗೂ ಹಾಗೇ ಗೊತ್ತಾಗುತ್ತೇನೋ ಅಂತ ಒತ್ತಿ ಹಿಡಿದೆ.” ಅವಳು ತನ್ನ ಬೆರಳನ್ನು ಬೇರೆ ಯಾರದ್ದೋ ಎಂಬಂತೆ ತಿರುಗಿಸಿ ನೋಡಿಕೊಂಡಳು. “ಇಷ್ಟು ವರ್ಷ ಹೇಳಿದ್ದೆಲ್ಲ ಸರಿಯಾಗಿತ್ತೋ, ಯಾರೂ ಹೇಳದೆ ತಿಂದ್ರೋ, ಈಗ ಅದೂ ಗೊತ್ತಾಗಲ್ಲ.”

ಅವನ ಬಾಯಿ ತೆರೆಯಿತು. ಕಡ್ಡಿ ಕೆಟ್ಟಿದೆ ಅತ್ತೆ. ಮೂರೇ ಮಾತು. ಆದರೆ ಆ ಮೂರರ ಹಿಂದೆ ಹಂಡೆ ಇತ್ತು, ಹಂಡೆಯ ಹಿಂದೆ ಆ ನಗು ಇತ್ತು, ನಕ್ಕವರಲ್ಲಿ ತಾನೂ ಇದ್ದೆನೆಂಬುದಿತ್ತು, ಮೂರು ಸೋಮವಾರಗಳಿದ್ದವು. ಒಂದನ್ನು ಎಳೆದರೆ ಎಲ್ಲವೂ ಬರುತ್ತವೆ, ಬಂದ ಮೇಲೆ ಈ ಅಡುಗೆಮನೆಯಲ್ಲಿ ತಾನು ಏನೆಂದು ಉಳಿಯುತ್ತೇನೆ? ಅವಳು ಗುಟ್ಟು ಹೇಳಿದ್ದು ತನ್ನೊಬ್ಬನಿಗೆ. ಹೇಳಿದರೆ ಅವಳು ಈಗ ನೋಡುತ್ತಿರುವ ಹಾಗೆ ಮತ್ತೆ ನೋಡುತ್ತಾಳೆಯೇ? ಹೀಗೆ ಯೋಚಿಸುತ್ತಿರುವಾಗಲೇ ಅವನಿಗೆ ತಾನು ಯೋಚಿಸುತ್ತಿರುವುದು ಅವಳ ಬಗ್ಗೆ ಅಲ್ಲ ಎಂಬುದು ಹೊಳೆದು ಕಿವಿ ಬಿಸಿಯಾಯಿತು. ಹೊರಗೆ ಕಾರಿನ ಹಾರ್ನು ಎರಡು ಸಲ ಕೂಗಿತು. “ಬಂದೆ ಇರೋ, ಓಡಿಹೋಗಲ್ಲ ನಾನು,” ಎಂದು ಅವಳು ಎದ್ದಳು. ಅವನು ಗಂಟು ಹಾಕಿ ಉಳಿದ ಬಟ್ಟೆಯ ತುದಿಯನ್ನು ಕತ್ತರಿಸಿದ. ಗಂಟು ಅಚ್ಚುಕಟ್ಟಾಗಿ ಬಂದಿತ್ತು.

ಕಾರು ಹೋದ ಮೇಲೆ ಅವನು ಎರಡು ಕೆಲಸ ಮಾಡಿದ. ಮೊದಲನೆಯದು, ಭಾವನಿಗೆ ಫೋನು. ದಾರಿಯಲ್ಲಾದರೂ ಹೇಳಿದರೆ ವಾಪಸು ಬರಬಹುದು. “ಏನು ಡಾಕ್ಟ್ರೇ?” ಎಂದಿತು ಆ ಕಡೆಯ ದನಿ, ಹಿಂದೆ ಅತ್ತೆ ಏನೋ ಹೇಳಿ ನಕ್ಕದ್ದು ಕೇಳಿಸಿತು, ವಾಹನಗಳ ಸದ್ದು ಕೇಳಿಸಿತು. “ಭಾವ, ಒಂದೂವರೆಗೆ ಹೋಗೋದು ಹನ್ನೆರಡು ಕೋಳೀನಾ, ಹದಿನಾಲ್ಕಾ?” ಎಂದ. “ಹದಿನಾಲ್ಕು ಮಾರಾಯ್ರೇ, ಬೆಳಗ್ಗೆ ಎಷ್ಟು ಸಲ ಹೇಳ್ಬೇಕು?” ಎಂದು ಭಾವ ಫೋನಿಟ್ಟ. ಹದಿನಾಲ್ಕು ಎಂದು ಅವನಿಗೆ ಗೊತ್ತಿತ್ತು.

ಎರಡನೆಯದು, ಕಡ್ಡಿ ಬದಲಾಯಿಸಿದ್ದು. ಥರ್ಮಾಮೀಟರ್ ಬಂದಿದ್ದ ರಟ್ಟಿನ ಡಬ್ಬದ ತಳದಲ್ಲಿ ಕಾಗದದ ಅಡಿ ಇನ್ನೊಂದು ಹೊಸ ಕಡ್ಡಿಯಿತ್ತು. ಜೊತೆಗೇ ಬಂದದ್ದು, ಸುತ್ತಿದ್ದ ಪ್ಲಾಸ್ಟಿಕ್ಕನ್ನು ಯಾರೂ ಬಿಚ್ಚಿರಲಿಲ್ಲ. ಬಿಚ್ಚಿದ. ಮತ್ತೆ ಐಸು ಕುಟ್ಟಿದ, ಈ ಸಲ ಸದ್ದಾಗದ ಹಾಗೆ ಅಂಗೈಯಲ್ಲಿಟ್ಟು ಸೌಟಿನ ಬೆನ್ನಿಂದ. ಅಂಕಿ ಇಳಿಯಿತು, ಇಳಿದು ಸೊನ್ನೆಗೆ ಬಂತು. ಎಷ್ಟು ಸುಲಭ! ಹಳೆಯದನ್ನು ಕಾಗದದಲ್ಲಿ ಸುತ್ತಿ, ಕಸದ ಡಬ್ಬದಲ್ಲಿ ಕೋಳಿಯ ಚರ್ಮ ಮತ್ತು ಈರುಳ್ಳಿ ಸಿಪ್ಪೆಯ ಕೆಳಗೆ ಕೈ ಮೊಣಕೈವರೆಗೆ ಹಾಕಿ ತೂರಿಸಿದ. ಕೈ ತೊಳೆದ. ಎರಡು ಸಲ ತೊಳೆದ. ಆಗ ಅವನಿಗೆ ಹೊಳೆದದ್ದು, ಹೊಳೆದ ಕೂಡಲೇ ಎದೆ ಹಗುರಾದದ್ದು ಇದು: ಇನ್ನು ಮೇಲೆ ಕಡ್ಡಿ ಸರಿ. ಬೆರಳೂ ಸರಿ. ಎರಡೂ ಮತ್ತೆ ಒಂದೇ ಮಾತು ಹೇಳುತ್ತವೆ, ನಾಲ್ಕು ದಿನ ಎಲ್ಲರೂ ನೋಡುತ್ತಾರೆ, ಭಾವನೇ ‘ಅಮ್ಮ ಸರಿಯಾದಳು’ ಎನ್ನುತ್ತಾನೆ. ಹೇಳದೆಯೂ ಸರಿಮಾಡಬಹುದು. ಅವನು ಕೋಳಿಗಳಿಗೆ ಬೆಣ್ಣೆ ಸವರುವವನ ಜೊತೆ ತಾನೂ ನಿಂತು ಸವರಿದ, ಸಿಳ್ಳೆ ಕೂಡ ಹಾಕಿದ.

ಹನ್ನೆರಡೂ ಮುಕ್ಕಾಲಿಗೆ ಅವರು ವಾಪಸು ಬಂದರು. ಭಾವ ಕಾರಿನ ಕೀಲಿಯನ್ನು ಬೆರಳಲ್ಲಿ ತಿರುಗಿಸುತ್ತ ಮೊದಲು ಬಂದ. “ನಾನು ಹೇಳಿರ್ಲಿಲ್ವಾ? ಬೆರಳ ತುದೀಲಿ ಸ್ಪರ್ಶ ಸ್ವಲ್ಪ ಕಮ್ಮಿಯಂತೆ. ವಯಸ್ಸಿಗೆ ಎಲ್ಲರಿಗೂ ಹೀಗೇ ಅಂತೆ, ಭಯ ಏನಿಲ್ವಂತೆ. ಒಂದು ಮಾತ್ರೆ ಕೊಟ್ಟಿದ್ದಾರೆ. ಇನ್ನು ಅಮ್ಮ ಆರಾಮಾಗಿ ಕೂತ್ಕೊಂಡು ಪ್ಯಾಕಿಂಗ್ ನೋಡ್ಕೊಳ್ಲಿ. ನಾಳೆಯಿಂದ ಬೇರೆಯವನು ಬರ್ತಾನೆ.” ವಯಸ್ಸಿಗೆ ಎಲ್ಲರಿಗೂ. ಹುಡುಕಿದರೆ ಯಾರ ಬೆರಳಲ್ಲೂ ಏನೋ ಒಂದು ಕಮ್ಮಿ ಸಿಗುತ್ತಿತ್ತು. ಆ ಡಾಕ್ಟರು ಕೋಳಿಯನ್ನು ಮುಟ್ಟಿಸಿ ನೋಡಿರಲಾರರು. ಸೂಜಿ ಚುಚ್ಚಿ ಕೇಳಿರುತ್ತಾರೆ, ಅವಳು ಗೊತ್ತಾಗುತ್ತಿದೆಯೋ ಇಲ್ಲವೋ ಎಂದು ಎರಡೆರಡು ಸಲ ಯೋಚಿಸಿ ತಡವಾಗಿ ಹೇಳಿರುತ್ತಾಳೆ. ಮೂರು ವಾರದಿಂದ ಅವಳು ಎಲ್ಲಕ್ಕೂ ಹಾಗೆಯೇ ಅಲ್ಲವೇ?

ಓವನ್ನಿನೊಳಗೆ ಕೋಳಿಗಳು ಕಂದು ಬಣ್ಣಕ್ಕೆ ತಿರುಗಿದ್ದವು. ಮೊಬೈಲು ಎಪ್ಪತ್ತೊಂದು, ಎಪ್ಪತ್ತೆರಡು ತೋರಿಸುತ್ತಿತ್ತು. ಅವನು ಅದನ್ನು ಕಟ್ಟೆಯ ಮೇಲೆ ಬೋರಲು ಹಾಕಿದ. ಅತ್ತೆ ಕೈಚೀಲವನ್ನು ಮೊಳೆಗೆ ತೂಗುಹಾಕಿ, ಬಟ್ಟೆ ಬದಲಾಯಿಸದೆ, ಅಭ್ಯಾಸಬಲದಿಂದ ಓವನ್ನಿನ ಮುಂದೆ ಬಂದು ನಿಂತಿದ್ದಳು.

“ಎಷ್ಟು ತೋರಿಸ್ತಿದೆ?” ಎಂದಳು.

“ನೀವೇ ನೋಡಿ ಹೇಳಿ ಅತ್ತೆ.”

“ಮೊಬೈಲಲ್ಲಿ ಎಷ್ಟಿದೆ?”

“ಅದನ್ನ ಬಿಡಿ. ಇನ್ನೊಂದು ಕೈ ಬೆರಳಿಂದ ಮುಟ್ಟಿ ನೋಡಿ. ನೀವು ಹೇಳಿದ್ದು ಸರಿ ಇರುತ್ತೆ.” ಬಾಗಿಲನ್ನು ಅವನೇ ಅರ್ಧ ತೆಗೆದು ಹಿಡಿದ. ಬಿಸಿ ಮುಖಕ್ಕೆ ಹೊಡೆಯಿತು. ಮಾಂಸ ಕತ್ತರಿಸುವವನು ಕತ್ತಿ ನಿಲ್ಲಿಸಿ ನೋಡಿದ. ಪಾತ್ರೆಯವಳು ನೋಡಿದಳು. ಹೆಂಡತಿ ಬಾಗಿಲಿಗೆ ಬಂದಳು. ಮುಟ್ಟಿದರೆ ಸಾಕು, ಒಂದೇ ಒಂದು ಸಲ ಮುಟ್ಟಿ ಹೇಳಿದರೆ ಸಾಕು ಎಂದು ಅವನು ಅವಳ ಮುಖವನ್ನೇ ನೋಡುತ್ತಿದ್ದ. ಅವಳು ಸುತ್ತ ನಿಂತವರನ್ನು ಒಬ್ಬೊಬ್ಬರನ್ನಾಗಿ ನೋಡಿದಳು. ಕೊನೆಗೆ ಅವನನ್ನು. ಅವಳ ಕಣ್ಣಿನಲ್ಲಿ ಆಗ ಬಂದದ್ದನ್ನು ಅವನು ಒಮ್ಮೆ, ಎಲ್ಲರೂ ತನ್ನನ್ನು ನೋಡಿ ನಕ್ಕ ಆ ದಿನ, ಕನ್ನಡಕದವನ ಕನ್ನಡಕದ ಗಾಜಿನಲ್ಲಿ, ತನ್ನ ಮುಖದಲ್ಲೇ ನೋಡಿದ್ದ.

“ನೀವೂ ತಮಾಷೆ ಮಾಡ್ತೀರಾ ಅಳಿಯಂದ್ರೇ?” ಎಂದಳು. ಮೆತ್ತಗೆ ಅಂದಳು. ಎರಡು ಕೈಗಳನ್ನೂ ಬೆನ್ನ ಹಿಂದೆ ಕಟ್ಟಿಕೊಂಡಳು.

“ಇಲ್ಲ ಅತ್ತೆ, ತಮಾಷೆ ಅಲ್ಲ, ನಾನು,” ಎನ್ನುವಷ್ಟರಲ್ಲಿ ಮೊಬೈಲು ಬೋರಲಾಗಿದ್ದಲ್ಲಿಂದಲೇ ಕೂಗಿತು. ಭಾವ ಬಂದು ಅದನ್ನು ತಿರುಗಿಸಿ, “ಎಪ್ಪತ್ನಾಲ್ಕು, ತೆಗೀರಿ ತೆಗೀರಿ, ಏನು ನೋಡ್ತಾ ನಿಂತಿದ್ದೀರಿ ಎಲ್ಲಾ?” ಎಂದ. ಟ್ರೇಗಳು ಹೊರಬಂದವು. ಡಬ್ಬಗಳು ತುಂಬಿದವು, ಮುಚ್ಚಳಗಳು ಟಪಟಪ ಬಿದ್ದವು. ಅತ್ತೆ ಮೇಜಿನ ತುದಿಯಲ್ಲಿ ಕೂತು ಒಂದೊಂದು ಡಬ್ಬದ ಮೇಲೂ ಕಾಗದದ ಚೀಟಿ ಅಂಟಿಸಿದಳು. ಬಟ್ಟೆ ಸುತ್ತಿದ ಬೆರಳನ್ನು ಎತ್ತಿ ಹಿಡಿದು ಉಳಿದವುಗಳಿಂದ ಅಂಟಿಸುತ್ತಿದ್ದಳು. ಚೀಟಿಗಳು ಸ್ವಲ್ಪ ಸೊಟ್ಟಗೆ ಕೂರುತ್ತಿದ್ದವು.

ವ್ಯಾನು ಹೋಗಿ ಅಡುಗೆಮನೆ ತಣ್ಣಗಾದ ಮೇಲೆ, ಅವನು ಕಡ್ಡಿಯನ್ನು ಮುಂದಿಟ್ಟುಕೊಂಡು ಕೂತಿದ್ದಾಗ, ಅವಳು ಸ್ಟೂಲು ಎಳೆದುಕೊಂಡು ಬಂದು ಪಕ್ಕದಲ್ಲಿ ಕೂತಳು. ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಚೆನ್ನಾಗಿತ್ತು. “ಸುಮ್ನೆ ಚೀಟಿ ಅಂಟಿಸ್ಕೊಂಡು ಕೂರೋಕಾಗಲ್ಲ ನಂಗೆ. ಇದನ್ನ ಒರೆಸೋದಾದ್ರೂ ಕಲಿಸಿ. ನಿಮಗೂ ಒಂದು ಕೆಲಸ ಕಮ್ಮಿ ಆಗುತ್ತೆ.”

ಕಲಿಸಿದ. ಬಟ್ಟೆ ಮೆತ್ತಗಿರಬೇಕು, ಪಾತ್ರೆ ಉಜ್ಜುವ ತಂತಿ ತಾಗಲೇಬಾರದು. ಮಾಂಸದಿಂದ ತೆಗೆದ ಕೂಡಲೇ ಒರೆಸಬೇಕು, ಒಣಗಿದರೆ ಹತ್ತಿಕೊಳ್ಳುತ್ತದೆ. ಹಸಿಗೆ ಚುಚ್ಚಿದ್ದನ್ನು ಒರೆಸದೆ ಬೆಂದದ್ದಕ್ಕೆ ಚುಚ್ಚಬಾರದು. ಈ ಗೆರೆಯವರೆಗೆ ನೀರು, ಇದರ ಮೇಲೆ ಬರೀ ಸ್ಪಿರಿಟ್ಟು. ಪೆಟ್ಟಿಗೆಯ ಚುಕ್ಕೆಗಳನ್ನು ಒಣ ಹತ್ತಿಯಿಂದ. ಅವಳು ಒಂದೊಂದಕ್ಕೂ ತಲೆಯಾಡಿಸಿ, ಅವನ ಕೈ ನೋಡಿಕೊಂಡು ಮಾಡಿದಳು. ಅವನಿಗಿಂತ ಚೆನ್ನಾಗಿಯೇ ಮಾಡಿದಳು. ಐಸ್ ನೀರಿನ ವಿಷಯವನ್ನು ಅವನು ಕಲಿಸಲಿಲ್ಲ. ಕಡ್ಡಿಯನ್ನು ಬೆಳಕಿಗೆ ಹಿಡಿದು, ಹಿಡಿಯ ಬುಡವನ್ನು ಹೆಬ್ಬೆರಳಿಂದ ಸವರಿ, “ಹೊಸದರ ಹಾಗಿದೆ ನೋಡಿ, ಎಷ್ಟು ಚೆನ್ನಾಗಿ ಇಟ್ಕೊಂಡಿದ್ದೀರಿ,” ಎಂದಳು. ಅವನು ಹತ್ತಿಯ ಉಂಡೆ ಮಾಡುತ್ತಿದ್ದ. ಅವಳು ಅದನ್ನು ಪೆಟ್ಟಿಗೆಯಲ್ಲಿ ಮಲಗಿಸಿ ಹಸಿರು ದೀಪ ಹತ್ತಿದ್ದು ನೋಡಿ ಮುಚ್ಚಳ ಹಾಕಿದಳು. “ಮೊದಲೇ ಕಲೀಬೇಕಿತ್ತು. ಸುಮ್ಸುಮ್ನೆ ಇದರ ಜೊತೆ ಜಗಳ ಆಡ್ದೆ ಇಷ್ಟು ದಿನ. ಅಲ್ವಾ?”

ಅವಳು ಉತ್ತರಕ್ಕೆ ಕಾದಳು. ಉತ್ತರ ಬೇಕೆಂದೇ ಕೇಳಿದ್ದಳು. ಪಾತ್ರೆಯವಳು ಹಂಡೆ ಉರುಳಿಸುವ ಸದ್ದು ಬಂದು ನಿಂತಿತು. ಅವನು ಹತ್ತಿಯ ಉಂಡೆಯನ್ನು ಇನ್ನೂ ಚಿಕ್ಕದು ಮಾಡಿದ, ಆಮೇಲೆ ಇನ್ನೂ ಚಿಕ್ಕದು. “ಹೋಗ್ಲಿ ಬಿಡಿ,” ಎಂದು ಅವಳೇ ಎದ್ದು, ಸ್ಟೂಲನ್ನು ಗೋಡೆಗೆ ಸರಿಸಿ ಒಳಗೆ ಹೋದಳು.

ಬೆರಳು ಹೇಳಿದ್ದೇ ಸರಿಯಾಗಿತ್ತು, ಕೆಟ್ಟದ್ದು ಕಡ್ಡಿ, ಕೆಡಿಸಿದ್ದು ನಾನು ಎಂದು ಅವನು ಅವಳಿಗೆ ಆ ದಿನ ಹೇಳಲಿಲ್ಲ. ಅವಳು ಬದುಕಿರುವವರೆಗೂ ಹೇಳಲಿಲ್ಲ.